ಜಲಾಶಯಕ್ಕೆ ಹೊರಡುವ ಮುನ್ನ: ನೀರಿನ ಮಟ್ಟ ನೋಡಿ ಹಾಕುವ ಯೋಜನೆ

ಹಳ್ಳಿಗಾಡಿನ ಜಲಾಶಯ ದೂರದಿಂದ ದೊಡ್ಡ ಕೆರೆಯ ಹಾಗೆಯೇ ಕಾಣುತ್ತದೆ. ಹತ್ತಿರ ಹೋದರೆ ಅದರ ಸ್ವಭಾವ ಬೇರೆ. ಇಲ್ಲಿ ನೀರು ಏರುವುದು, ಇಳಿಯುವುದು ಮಳೆಯಿಂದ ಮಾತ್ರವಲ್ಲ. ಕಾಲುವೆಗೆ ಎಷ್ಟು ಬಿಡಬೇಕು, ವಿದ್ಯುತ್ ಯಾವ ಹೊತ್ತಿಗೆ ಬೇಕು, ಮುಂದೆ ಬರುವ ಪ್ರವಾಹಕ್ಕೆ ಎಷ್ಟು ಜಾಗ ಖಾಲಿ ಇಡಬೇಕು ಎಂದು ದಡದಿಂದ ದೂರದಲ್ಲಿ ಕೂತವರು ತೀರ್ಮಾನಿಸುತ್ತಾರೆ. ನಿನ್ನೆ ಒಣಗಿದ್ದ ಜಾಗ ಇವತ್ತು ಮುಳುಗಿರಬಹುದು, ಕಳೆದ ವರ್ಷ ದೋಣಿ ನಿಂತಿದ್ದ ಕಡೆ ಈ ವರ್ಷ ಬರೀ ಕೆಸರು ಇರಬಹುದು. ಪ್ರವಾಸ ಕೆಡುವುದು, ಅಪಘಾತ ಆಗುವುದು ಬಹುಪಾಲು ಇದನ್ನು ಮರೆತಾಗಲೇ. ಹಾಗಾಗಿ ಊಟ, ವಾಹನ, ಎಷ್ಟು ಜನ ಎಂಬ ಲೆಕ್ಕಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಎರಡು: ನೀರು ಈಗ ಎಲ್ಲಿದೆ, ಮತ್ತು ಯಾವ ಕಡೆಗೆ ಹೊರಟಿದೆ?

ಮೊದಲು, ಆ ಜಲಾಶಯ ಯಾವ ಕೆಲಸಕ್ಕೆ ಕಟ್ಟಿದ್ದು ತಿಳಿಯಿರಿ

ನೀರಾವರಿಗೆ ಕಟ್ಟಿದ ಜಲಾಶಯ ಮಳೆಗಾಲದ ಕೊನೆಯಲ್ಲಿ ತುಂಬಿ, ಬೆಳೆಗೆ ನೀರು ಬಿಡುತ್ತ ಹೋದ ಹಾಗೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಇದರ ನಡೆ ಮೊದಲೇ ಊಹಿಸಬಹುದು. ವಿದ್ಯುತ್ತಿಗೆ ಕಟ್ಟಿದ್ದಾದರೆ ಏರಿಳಿತ ದಿನದೊಳಗೇ ಇರುತ್ತದೆ. ಬೇಡಿಕೆ ಹೆಚ್ಚುವ ಬೆಳಿಗ್ಗೆ ಮತ್ತು ಸಂಜೆ ಯಂತ್ರಗಳು ಓಡುತ್ತವೆ, ಕೆಳಗಿನ ಹೊಳೆ ಸ್ವಲ್ಪವೇ ಹೊತ್ತಿನಲ್ಲಿ ಮೈತುಂಬುತ್ತದೆ. ನೀರನ್ನು ಕೆಳಗಿನಿಂದ ಮೇಲಕ್ಕೆ ಪಂಪ್ ಮಾಡಿ ಮತ್ತೆ ಇಳಿಸುವ ಯೋಜನೆಗಳಲ್ಲಂತೂ ಮೋಡವೇ ಇಲ್ಲದ ರಾತ್ರಿಯಲ್ಲಿ ನೀರು ಮೇಲೇರಬಹುದು. ಕುಡಿಯುವ ನೀರಿನ ಜಲಾಶಯಗಳಲ್ಲಿ ಅನೇಕ ಕಡೆ ಈಜು, ದೋಣಿ ಎರಡಕ್ಕೂ ನಿಷೇಧವಿದೆ. ಅಲ್ಲಿಗೆ ಹೋಗುವುದಾದರೆ ನೋಡುವುದು, ನಡೆಯುವುದು, ಹಕ್ಕಿ ವೀಕ್ಷಣೆ ಇಷ್ಟಕ್ಕೇ ಯೋಜನೆ ಹಾಕಿ. ಮಕ್ಕಳಿಗೆ ನೀರಾಟದ ಆಸೆ ಹುಟ್ಟಿಸಿ ಕರೆದುಕೊಂಡು ಹೋಗಿ ಬೇಲಿಯ ಹೊರಗೆ ನಿಲ್ಲಿಸುವುದು ಬೇಡ.

ಒಂದೇ ಅಣೆಕಟ್ಟು ಎರಡು ಮೂರು ಕೆಲಸಕ್ಕೆ ಬಳಕೆಯಾಗುವುದು ಸಾಮಾನ್ಯ. ಹಾಗಿದ್ದಾಗ ಎಲ್ಲಕ್ಕಿಂತ ಬಿಗಿಯಾದ ನಿಯಮ ಯಾವುದೋ ಅದೇ ನಿಮಗೆ ಅನ್ವಯ ಎಂದುಕೊಳ್ಳಿ.

ಮಟ್ಟದ ಲೆಕ್ಕ ಓದುವುದು ಹೇಗೆ

ಅಣೆಕಟ್ಟು ನೋಡಿಕೊಳ್ಳುವ ಇಲಾಖೆಗಳು ಸಾಮಾನ್ಯವಾಗಿ ನಾಲ್ಕು ಅಂಕಿ ಕೊಡುತ್ತವೆ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮಟ್ಟವನ್ನು ಅಡಿ ಅಥವಾ ಮೀಟರಿನಲ್ಲಿ, ಬಹುತೇಕ ಸಮುದ್ರಮಟ್ಟದಿಂದ ಲೆಕ್ಕ ಹಾಕಿ ಬರೆದಿರುತ್ತಾರೆ. ಅದು ನೀರಿನ ಆಳವಲ್ಲ. ನಿಮಗೆ ಬೇಕಾದ್ದು ಗರಿಷ್ಠ ಮಟ್ಟಕ್ಕೂ ಇಂದಿನ ಮಟ್ಟಕ್ಕೂ ಇರುವ ವ್ಯತ್ಯಾಸ. ಕೆಸರಿನ ಪಟ್ಟಿ ಎಷ್ಟು ಅಗಲ ತೆರೆದುಕೊಂಡಿದೆ ಎಂಬುದನ್ನು ಹೇಳುವುದು ಅದೇ.

ದಡ ಚಪ್ಪಟೆಯಾಗಿ, 50 ಮೀಟರ್ ಉದ್ದಕ್ಕೆ 1 ಮೀಟರ್ ಇಳಿಜಾರು ಇದೆ ಎಂದುಕೊಳ್ಳಿ. ಮಟ್ಟ 4 ಮೀಟರ್ ಇಳಿದಿದ್ದರೆ ನೀರಿನ ಅಂಚು 200 ಮೀಟರ್ ಹಿಂದೆ ಸರಿದಿರುತ್ತದೆ. ನೀರಿನ ಪಕ್ಕದಲ್ಲೇ ಚಾಪೆ ಹಾಸಬೇಕೆಂದು ಹೋದವರು ಆ 200 ಮೀಟರ್ ಕೆಸರು ದಾಟಬೇಕು, ಇಲ್ಲವೇ ದೂರದಲ್ಲೇ ಕೂರಬೇಕು. ಕಡಿದಾದ ಕಲ್ಲು ದಡವಾದರೆ ಅಷ್ಟೇ ಇಳಿತಕ್ಕೆ ನೀರು ಕೆಲವೇ ಮೀಟರ್ ಸರಿದಿರುತ್ತದೆ.

ಶೇಕಡಾವಾರು ಸಂಗ್ರಹ ನೋಡಿ ಮೋಸಹೋಗುವುದು ಸುಲಭ. ‘ಜಲಾಶಯ ಅರ್ಧ ಖಾಲಿ’ ಎಂಬ ಸುದ್ದಿ ಓದಿದವರು ಆಳವೂ ಅರ್ಧವಾಗಿದೆ ಎಂದುಕೊಳ್ಳುತ್ತಾರೆ. ಕಣಿವೆ ಮೇಲೆ ಹೋದ ಹಾಗೆ ಅಗಲವಾಗುತ್ತದೆ, ಆದ್ದರಿಂದ ಮೇಲಿನ ಕೆಲವು ಮೀಟರಿನಲ್ಲೇ ಹೆಚ್ಚು ನೀರು ನಿಂತಿರುತ್ತದೆ. ಕಣಿವೆಯನ್ನು ತಲೆಕೆಳಗಾದ ಶಂಕುವೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಸಂಗ್ರಹ ಅರ್ಧಕ್ಕೆ ಇಳಿದಾಗಲೂ ಆಳ ಶೇ 79ರಷ್ಟು ಉಳಿದಿರುತ್ತದೆ. ಅಂದರೆ ಹಿನ್ನೀರಿನ ತುದಿ ಬತ್ತಿ ಹುಲ್ಲುಗಾವಲಾಗಿದ್ದರೂ ಅಣೆಕಟ್ಟಿನ ಬಳಿ ನೀರು ಆಳವಾಗಿಯೇ ಇರುತ್ತದೆ.

ಇನ್ನು ಹರಿವು. 1 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಒಳಹರಿವು ಹೊರಹರಿವಿಗಿಂತ 1,000 ಕ್ಯೂಸೆಕ್ ಹೆಚ್ಚಿದ್ದು, ನೀರಿನ ಹರವು 10 ಚದರ ಕಿಲೋಮೀಟರ್ ಇದ್ದರೆ ಮಟ್ಟ ದಿನಕ್ಕೆ ಸುಮಾರು 24 ಸೆಂಟಿಮೀಟರ್ ಏರುತ್ತದೆ. ಇದೇನು ಮಹಾ ಎನ್ನಿಸಬಹುದು. ಮೇಲೆ ಹೇಳಿದ ಚಪ್ಪಟೆ ದಡದಲ್ಲಿ ನೀರಿನ ಅಂಚು ಒಂದು ದಿನದಲ್ಲಿ 12 ಮೀಟರ್ ಒಳಗೆ ಬರಲು ಅಷ್ಟು ಸಾಕು. ಸಂಜೆ ನೀರಿನಿಂದ ಐದಾರು ಮೀಟರ್ ದೂರ ಹಾಕಿದ ಟೆಂಟಿಗೆ ಬೆಳಗಾಗುವುದರೊಳಗೆ ನೀರು ಮುಟ್ಟಿರುತ್ತದೆ. ಒಂದು ದಿನದ ಅಂಕಿ ಸಾಲದು. ಹೊರಡುವ ಮುಂಚಿನ ಐದಾರು ದಿನದ ಮಟ್ಟ ಬರೆದಿಟ್ಟುಕೊಂಡು ನೋಡಿ, ಏರುತ್ತಿದೆಯೋ ಇಳಿಯುತ್ತಿದೆಯೋ ಕಣ್ಣಿಗೇ ಕಾಣುತ್ತದೆ. ಮೇಲ್ಕಣಿವೆಯಲ್ಲಿ ಮಳೆಯ ಮುನ್ಸೂಚನೆ ಇದೆಯೇ ಎಂಬುದನ್ನೂ ನೋಡಬೇಕು, ಏಕೆಂದರೆ ನೀವಿರುವ ಕಡೆ ಬಿಸಿಲಿದ್ದರೂ ನೀರು ಬರುವುದು ಅಲ್ಲಿಂದ.

ಯಾವಾಗ ಹೋದರೆ ಏನು ಸಿಗುತ್ತದೆ

ತುಂಬಿದ ಜಲಾಶಯ ಕಣ್ಣಿಗೆ ಹಬ್ಬ, ದೋಣಿಗೂ ಅನುಕೂಲ. ಆದರೆ ದಡದಲ್ಲಿ ಕೂರಲು ಜಾಗ ಕಡಿಮೆ, ನೀರು ನೇರವಾಗಿ ಪೊದೆಯೊಳಗೇ ನಿಂತಿರುತ್ತದೆ. ನೀರು ಇಳಿಯುತ್ತಿರುವ ತಿಂಗಳುಗಳು ಹಕ್ಕಿ ನೋಡುವವರಿಗೆ ತುಂಬ ಒಳ್ಳೆಯದು. ಹೊಸದಾಗಿ ತೆರೆದುಕೊಂಡ ಕೆಸರಿನಲ್ಲಿ ಹುಳುಹುಪ್ಪಟೆ ಸಿಗುವುದರಿಂದ ಉದ್ದ ಕಾಲಿನ, ಉದ್ದ ಕೊಕ್ಕಿನ ಹಕ್ಕಿಗಳು ಅಂಚಿನಲ್ಲೇ ಸಾಲುಗಟ್ಟುತ್ತವೆ. ಮುಳುಗಿದ ಹಳೆಯ ರಸ್ತೆ, ಸೇತುವೆ, ಗೋಡೆಗಳು ಮೇಲೆ ಕಾಣುವುದೂ ಆಗಲೇ.

ಮಳೆಗಾಲದ ಮೊದಲ ದೊಡ್ಡ ಒಳಹರಿವಿನ ವಾರ ಮಾತ್ರ ಬಿಟ್ಟುಬಿಡಿ. ನೀರು ಕೆಂಪಗೆ ಕದಡಿರುತ್ತದೆ, ಮರದ ದಿಮ್ಮಿಗಳು ಅರ್ಧ ಮುಳುಗಿ ತೇಲಿ ಬರುತ್ತವೆ, ನೆನೆದ ದಡ ಕುಸಿಯುತ್ತದೆ.

ಯಾವ ದಡ, ಯಾವ ದಾರಿ

ಎದುರಿನ ದಡ ಕಣ್ಣಿಗೆ ಒಂದು ಕಿಲೋಮೀಟರ್ ದೂರ ಕಂಡರೂ ರಸ್ತೆಯಲ್ಲಿ ಸುತ್ತಿ ಹೋಗಲು ಹತ್ತಾರು ಕಿಲೋಮೀಟರ್ ಆಗಬಹುದು. ಆದ್ದರಿಂದ ಯಾವ ದಡಕ್ಕೆ ಹೋಗುತ್ತೀರಿ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ, ಎಲ್ಲ ವಾಹನದವರಿಗೂ ಒಂದೇ ಜಾಗದ ಗುರುತು ಕಳಿಸಿ. ಬರೀ ಅಣೆಕಟ್ಟಿನ ಹೆಸರು ಹೇಳಿದರೆ ಒಂದು ಕಾರು ಈ ಕಡೆ, ಇನ್ನೊಂದು ಆ ಕಡೆ ನಿಲ್ಲುತ್ತದೆ. ಸೂರ್ಯೋದಯ ನೀರಿನ ಮೇಲೆ ಕಾಣಬೇಕಾದರೆ ಪಶ್ಚಿಮದ ದಡ, ಸೂರ್ಯಾಸ್ತಕ್ಕೆ ಪೂರ್ವದ ದಡ.

ಫೋನಿನ ನಕ್ಷೆ ಜಲಾಶಯದ ಸುತ್ತ ಎರಡು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಒಂದು, ಅಣೆಕಟ್ಟಿನ ಮೇಲಿನ ರಸ್ತೆಯನ್ನು ಸಾರ್ವಜನಿಕ ರಸ್ತೆಯೆಂದೇ ತೋರಿಸುತ್ತದೆ. ಅದು ಗೇಟು ಹಾಕಿದ, ಇಲಾಖೆಯವರಿಗಷ್ಟೇ ಬಿಡುವ ರಸ್ತೆಯಾಗಿರಬಹುದು. ಎರಡನೆಯದು ಹೆಚ್ಚು ಅಪಾಯದ್ದು: ಅಣೆಕಟ್ಟು ಕಟ್ಟುವ ಮೊದಲಿದ್ದ ಹಳೆಯ ರಸ್ತೆ ನೇರವಾಗಿ ನೀರಿಗೆ ಇಳಿಯುತ್ತದೆ. ಕತ್ತಲಲ್ಲಿ, ಮಂಜಿನಲ್ಲಿ ಡಾಂಬರು ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಉಪಗ್ರಹ ಚಿತ್ರ ತೆರೆದು ಕೊನೆಯ ಐದು ಕಿಲೋಮೀಟರನ್ನು ಬೆರಳಿನಿಂದ ಹಿಂಬಾಲಿಸಿ ನೋಡಿ. ಚಿತ್ರ ತೆಗೆದ ದಿನ ನೀರು ಕಡಿಮೆ ಇದ್ದಿರಬಹುದೆಂಬ ಎಚ್ಚರವೂ ಇರಲಿ. ಹಗಲಿನಲ್ಲೇ ತಲುಪುವಂತೆ ಹೊರಡಿ.

ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಆ ಭಾಗದ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ನೀವಿರುವ ಜಾಗ ತೋರಿಸುತ್ತದೆ. ದಾರಿಯಲ್ಲಿ ಕೊನೆಯದಾಗಿ ಸಿಗ್ನಲ್ ಸಿಕ್ಕ ಜಾಗವನ್ನು ನೆನಪಿಡಿ, ತುರ್ತಿನಲ್ಲಿ ಒಬ್ಬರು ಓಡಬೇಕಾದ್ದು ಅಲ್ಲಿಗೆ. ಮನೆಯಲ್ಲಿ ಉಳಿಯುವ ಒಬ್ಬರಿಗೆ ಯಾವ ದಡ, ಎಷ್ಟು ಜನ, ಯಾವ ವಾಹನ, ಎಷ್ಟು ಗಂಟೆಗೆ ವಾಪಸು ಎಂಬುದನ್ನು ಬರೆದು ಕಳಿಸಿ. ಎಷ್ಟು ಗಂಟೆಯವರೆಗೆ ಫೋನ್ ಬರದಿದ್ದರೆ ವಿಚಾರಿಸಬೇಕು ಎಂಬುದನ್ನೂ ಹೇಳಿರಿ. ವಾಹನದ ಟ್ಯಾಂಕ್ ಕೊನೆಯ ದೊಡ್ಡ ಊರಿನಲ್ಲೇ ತುಂಬಿಸಿ.

ಅನುಮತಿ ವಿಷಯಕ್ಕೆ ಬಂದರೆ, ಅಣೆಕಟ್ಟು ಒಂದು ಇಲಾಖೆಗೆ, ಸುತ್ತಲ ಕಾಡು ಇನ್ನೊಂದಕ್ಕೆ, ಮೀನು ಹಿಡಿಯುವ ಹಕ್ಕು ಮತ್ತೊಬ್ಬರಿಗೆ ಸೇರಿರುವುದು ಸಾಮಾನ್ಯ. ಒಂದು ಕಡೆ ಕೇಳಿದ್ದು ಇನ್ನೊಂದು ಕಡೆ ನಡೆಯುವುದಿಲ್ಲ. ಗಾಳ ಹಾಕುವುದು, ದೋಣಿ ಇಳಿಸುವುದು, ರಾತ್ರಿ ತಂಗುವುದು, ಬೆಂಕಿ ಹಾಕುವುದು, ಡ್ರೋನ್ ಹಾರಿಸುವುದು ಐದನ್ನೂ ಬೇರೆ ಬೇರೆಯಾಗಿ ಕೇಳಿ. ಅನೇಕ ಅಣೆಕಟ್ಟುಗಳು ಭದ್ರತಾ ವಲಯದಲ್ಲಿರುವುದರಿಂದ ಡ್ರೋನ್ ಇರಲಿ, ಸಾಮಾನ್ಯ ಫೋಟೋಗೂ ನಿರ್ಬಂಧ ಇರಬಹುದು.

ಕಟ್ಟಿಕೊಳ್ಳುವ ಸಾಮಾನು

ಕುಡಿಯುವ ನೀರು ಬಿಸಿಲಿನಲ್ಲಿ ಒಬ್ಬರಿಗೆ ದಿನಕ್ಕೆ 3ರಿಂದ 4 ಲೀಟರ್. ಎದುರಿಗೆ ಅಷ್ಟು ನೀರಿದೆಯಲ್ಲ ಎಂದು ಕಡಿಮೆ ಮಾಡಬೇಡಿ. ಜಲಾಶಯದ ನೀರನ್ನು ಕುಡಿಯಲೇಬೇಕಾದರೆ ಸೋಸಿ, ಕೊತಕೊತ ಕುದಿಯಲು ಶುರುವಾದ ಮೇಲೆ ಕನಿಷ್ಠ 1 ನಿಮಿಷ, 2,000 ಮೀಟರಿಗಿಂತ ಎತ್ತರದ ಜಾಗದಲ್ಲಿ 3 ನಿಮಿಷ ಕುದಿಸಬೇಕು. ಕುದಿಸಿದರೆ ರೋಗಾಣು ಸಾಯುತ್ತವೆ. ನೀಲಿ-ಹಸಿರು ಪಾಚಿಯ ವಿಷ ಹೋಗುವುದಿಲ್ಲ, ಅದರ ಬಗ್ಗೆ ಮುಂದೆ ಹೇಳಿದೆ.

ಮರೆಯಬಾರದ ವಸ್ತು ಎಂದರೆ ಹಗ್ಗ. 15ರಿಂದ 20 ಮೀಟರ್ ಉದ್ದದ, ನೀರಿನ ಮೇಲೆ ತೇಲುವ ಹಗ್ಗ ಬೇಕು. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ನೈಲಾನ್ ಮುಳುಗುತ್ತದೆ. ಅದರ ತುದಿಗೆ ಕಟ್ಟಲು ಮುಚ್ಚಳವಿರುವ 5 ಲೀಟರಿನ ಖಾಲಿ ಕ್ಯಾನ್ ಇರಲಿ, ತಳದಲ್ಲಿ ಸ್ವಲ್ಪ ನೀರು ಬಿಟ್ಟರೆ ಎಸೆಯಲು ತೂಕ ಬರುತ್ತದೆ. ಹೆಗಲೆತ್ತರದ ಒಂದು ಗಟ್ಟಿ ಕೋಲು, ಶಿಳ್ಳೆ, ಹಣೆಗೆ ಕಟ್ಟುವ ಟಾರ್ಚ್, ಪ್ರಥಮ ಚಿಕಿತ್ಸೆ ಡಬ್ಬಿ, ಕಾಲಿನ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಇವೆಲ್ಲ ಇರಲಿ. ಬರಿಗಾಲು ಬೇಡ: ಕೆಸರಿನಲ್ಲಿ ಗಾಜಿನ ಚೂರು, ಗಾಳದ ಕೊಕ್ಕೆ, ಚಿಪ್ಪು ಹುದುಗಿರುತ್ತವೆ.

ಲೈಫ್ ಜಾಕೆಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅದರ ಚೀಟಿಯ ಮೇಲೆ ನ್ಯೂಟನ್ ಲೆಕ್ಕದಲ್ಲಿ ತೇಲುಬಲ ಬರೆದಿರುತ್ತದೆ, 10 ನ್ಯೂಟನ್ ಎಂದರೆ ಸುಮಾರು 1 ಕಿಲೋ ಎತ್ತುವ ಬಲ. 50 ನ್ಯೂಟನ್ನಿನದು ಈಜು ಬಲ್ಲವರಿಗೆ, ಸಹಾಯ ಹತ್ತಿರದಲ್ಲೇ ಇರುವಾಗ. ಈಜು ಬಾರದವರಿಗೆ, ಮಕ್ಕಳಿಗೆ 100 ನ್ಯೂಟನ್ ಅಥವಾ ಹೆಚ್ಚಿನದು, ಕತ್ತಿನ ಹಿಂದೆ ಕಾಲರ್ ಇರುವುದು ಬೇಕು. ಮಗುವಿನದಕ್ಕೆ ತೊಡೆಗಳ ನಡುವೆ ಹಾಯುವ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೇಳುತ್ತದೆ, ಮಗು ಕೆಳಗೆ ಜಾರುತ್ತದೆ. ಅಳತೆ ಸರಿಯಿದೆಯೇ ನೋಡಲು ಎಲ್ಲ ಬಕಲ್ ಬಿಗಿದ ಮೇಲೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಗಲ್ಲದವರೆಗೆ ಬಂದರೆ ಅದು ದೊಡ್ಡದಾಯಿತು. ದೋಣಿ ಕಟ್ಟೆಯಲ್ಲಿ ಕೊಡುವ ಜಾಕೆಟ್ಟುಗಳಲ್ಲಿ ಹರಿದ ಪಟ್ಟಿ, ಮುರಿದ ಬಕಲ್, ಹಿಸುಕಿ ಗಟ್ಟಿಯಾದ ಫೋಮ್ ಇರುವುದನ್ನು ಮುಲಾಜಿಲ್ಲದೆ ವಾಪಸು ಕೊಟ್ಟು ಬೇರೆ ಕೇಳಿ.

ತಲುಪಿದ ಮೇಲೆ ಮೊದಲ ಅರ್ಧ ಗಂಟೆ

ಚೀಲ ಇಳಿಸುವ ಮೊದಲು ದಡವನ್ನು ಓದಿ. ಪ್ರತಿ ಜಲಾಶಯದ ಸುತ್ತ ಒಂದು ಗೆರೆ ಕಾಣುತ್ತದೆ. ಅದರ ಮೇಲೆ ಮರಗಿಡ ದಟ್ಟ, ಕೆಳಗೆ ಬರೀ ಮಣ್ಣು, ಕಲ್ಲು, ಎಳೆ ಹುಲ್ಲು. ಕಲ್ಲುಗಳ ಬಣ್ಣವೂ ಅಲ್ಲಿಂದ ಕೆಳಗೆ ಮಾಸಿರುತ್ತದೆ, ಒಣ ಕಡ್ಡಿ, ಪ್ಲಾಸ್ಟಿಕ್ ಸಾಲಾಗಿ ಬಂದು ನಿಂತಿರುತ್ತವೆ. ಅದೇ ನೀರಿನ ಗರಿಷ್ಠ ಮಟ್ಟ. ಇವತ್ತು ನೀರು ಎಷ್ಟೇ ಕೆಳಗಿರಲಿ, ಆ ಗೆರೆಯ ಕೆಳಗಿನದೆಲ್ಲ ಜಲಾಶಯದ ತಳ ಎಂದೇ ತಿಳಿಯಬೇಕು. ಟೆಂಟ್, ವಾಹನ, ಅಡುಗೆ, ಶೌಚ ನಾಲ್ಕೂ ಆ ಗೆರೆಯ ಮೇಲೆ.

ವಾಹನವನ್ನು ಗಟ್ಟಿ ನೆಲದಲ್ಲಿ, ಮೂತಿ ಹೊರಗೆ ಮಾಡಿ ನಿಲ್ಲಿಸಿ. ಒಣಗಿ ಬಿರುಕು ಬಿಟ್ಟ ಕೆಸರು ಮೇಲೆ ಗಟ್ಟಿ, ಒಳಗೆ ಹಸಿ, ಹಪ್ಪಳದ ಹಾಗೆ. ಮನುಷ್ಯ ನಡೆದರೆ ತಡೆದೀತು, ಕಾರು ಹೋದರೆ ಅಚ್ಚಿನವರೆಗೆ ಇಳಿಯುತ್ತದೆ. ನಡೆಯುವಾಗಲೂ ಕೋಲಿನಿಂದ ಒತ್ತಿ ನೋಡುತ್ತ ಹೋಗಿ. ಕೋಲು ಒಂದು ಗೇಣು ಸಲೀಸಾಗಿ ಇಳಿದರೆ ಅಲ್ಲಿಂದಲೇ ಹಿಂದಿರುಗಿ. ಬಿರುಕುಗಳು ಮಾಯವಾಗಿ ಮೇಲ್ಮೈ ನುಣ್ಣಗೆ ಹೊಳೆಯತೊಡಗಿದ ಕಡೆ ಹೂಳು ಇನ್ನೂ ಹಸಿಯಾಗಿದೆ ಎಂದು ಅರ್ಥ. ಕಾಲು ಹೂತರೆ ಜಗ್ಗಬೇಡಿ, ಒಂದು ಕಾಲು ಜಗ್ಗಿದಷ್ಟೂ ಇನ್ನೊಂದು ಇಳಿಯುತ್ತದೆ. ಚೀಲ ಬಿಸುಟು, ಹಿಂದಕ್ಕೆ ಒರಗಿ ಕೂತು ಅಥವಾ ಮಲಗಿ ಭಾರ ಹರಡಿ, ಕಾಲನ್ನು ನಿಧಾನವಾಗಿ ಅಲುಗಾಡಿಸಿ ಸುತ್ತ ನೀರು ಸೇರಲು ಬಿಡಿ, ಆಮೇಲೆ ಬಿಡಿಸಿಕೊಂಡು ಬಂದ ದಾರಿಯಲ್ಲೇ ತೆವಳಿ.

ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಡಿ. ಗಂಟೆಗೊಮ್ಮೆ ನೋಡಿದರೆ ನೀರು ಏರುತ್ತಿದೆಯೇ ಎಂದು ತಿಳಿಯುತ್ತದೆ. ಖರ್ಚಿಲ್ಲದ, ಆದರೆ ಯಾರೂ ಮಾಡದ ಕೆಲಸ ಇದು.

ಅಲ್ಲಿನ ಮೀನುಗಾರರು, ದನ ಮೇಯಿಸುವವರು, ಕಾವಲುಗಾರರು ಸಿಕ್ಕರೆ ಎರಡು ಪ್ರಶ್ನೆ ಕೇಳಿ: ಹಳೆಯ ಹೊಳೆಯ ಪಾತ್ರ ಎಲ್ಲಿದೆ, ಯಾವ ಕಡೆ ಇಳಿಯಬಾರದು. ಮೊಸಳೆ ಇದೆಯೇ ಎಂಬುದೂ ಅವರಿಗೇ ಗೊತ್ತು. ಇರುವ ಕಡೆ ನೀರಿನ ಹತ್ತಿರ ಕೂರುವುದು, ಪಾತ್ರೆ ತೊಳೆಯುವುದು, ಮುಸ್ಸಂಜೆಯಲ್ಲಿ ಅಂಚಿನಲ್ಲಿ ನಡೆಯುವುದು ಯಾವುದೂ ಬೇಡ. ಅಣೆಕಟ್ಟಿನ ಮೈಗೆ ಪೇರಿಸಿದ ಕಲ್ಲುಗಳ ಮೇಲೆ ಹತ್ತಿಳಿಯಬಾರದು, ಅವು ಅಲುಗುತ್ತವೆ, ಸಂದುಗಳಲ್ಲಿ ಹಾವುಗಳಿಗೆ ಒಳ್ಳೆಯ ಮನೆ.

ನೀರಿಗೆ ಇಳಿಯುವುದಾದರೆ

ಈಜಲು ಅನುಮತಿ ಇರುವ, ಗುರುತು ಮಾಡಿದ ಜಾಗವಿದ್ದರೆ ಮಾತ್ರ ಇಳಿಯಿರಿ ಎಂಬುದು ನಮ್ಮ ಖಚಿತ ಸಲಹೆ. ಕಾರಣಗಳು ತಿಳಿದರೆ ಒಪ್ಪುವುದು ಸುಲಭ.

ಜಲಾಶಯದ ತಳ ಒಂದು ಕಾಲದ ಹೊಲ, ಊರು, ಹೊಳೆ. ಮೊಣಕಾಲು ಆಳದಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಹಳೆಯ ಹೊಳೆಯ ದಂಡೆಯಿಂದ ಕೆಳಕ್ಕೆ ಇಳಿದಿರುತ್ತಾರೆ. ಮುಳುಗಿದ ಬಾವಿ, ಮಣ್ಣು ತೆಗೆದ ಗುಂಡಿ, ಮರದ ಬೊಡ್ಡೆ, ತಂತಿ ಬೇಲಿ ಯಾವುದೂ ಕದಡಿದ ನೀರಿನಲ್ಲಿ ಕಾಣುವುದಿಲ್ಲ. ಮಟ್ಟ ಬದಲಾಗುತ್ತಿರುವುದರಿಂದ ಹೋದ ಸಲ ಸುರಕ್ಷಿತವಾಗಿದ್ದ ಜಾಗ ಈ ಸಲವೂ ಹಾಗೇ ಇರುತ್ತದೆ ಎನ್ನುವಂತಿಲ್ಲ. ಆದ್ದರಿಂದ ತಲೆಕೆಳಗಾಗಿ ಧುಮುಕುವುದು ಎಂದಿಗೂ ಬೇಡ.

ಎರಡನೆಯದು ತಂಪು. ಬೇಸಿಗೆಯಲ್ಲಿ ಆಳದ ಜಲಾಶಯದ ನೀರು ಪದರುಪದರಾಗುತ್ತದೆ. ಮೇಲಿನ ಕೆಲವು ಮೀಟರ್ ಬಿಸಿಲಿಗೆ ಬೆಚ್ಚಗಾಗಿದ್ದರೂ ಅದರ ಕೆಳಗೆ ತಾಪಮಾನ ಥಟ್ಟನೆ ಇಳಿಯುತ್ತದೆ. 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ನೀರಿಗೆ ಬಿದ್ದ ದೇಹ ತನಗೆ ತಾನೇ ಏದುಸಿರು ಎಳೆದುಕೊಳ್ಳುತ್ತದೆ. ತಲೆ ಆ ಕ್ಷಣ ನೀರೊಳಗಿದ್ದರೆ ಶ್ವಾಸಕೋಶಕ್ಕೆ ನೀರು ಹೋಗುತ್ತದೆ, ಈಜು ಬಲ್ಲವರಿಗೂ. ಹಾಗಾದಾಗ ಕೈಕಾಲು ಬಡಿಯದೆ, ಕಿವಿ ನೀರಲ್ಲಿ ಮುಳುಗುವಂತೆ ತಲೆ ಹಿಂದಕ್ಕೆ ಒರಗಿಸಿ ಅಂಗಾತ ತೇಲಬೇಕು. ಒಂದೆರಡು ನಿಮಿಷದಲ್ಲಿ ಉಸಿರು ಹತೋಟಿಗೆ ಬರುತ್ತದೆ, ಆಮೇಲೆ ದಡಕ್ಕೆ ಹೊರಳಬಹುದು.

ಮೂರನೆಯದು ಗಾಳಿ. ಅಡೆತಡೆಯಿಲ್ಲದ ವಿಶಾಲ ನೀರಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಗಾಳಿ ಬಲವಾಗುವುದು ಸಾಮಾನ್ಯ. ದಡದಿಂದ ಒಳಕ್ಕೆ ಬೀಸುವ ಗಾಳಿ ಅಂಚಿನ ನೀರನ್ನು ಶಾಂತವಾಗಿಯೇ ತೋರಿಸುತ್ತದೆ, ಅದೇ ಮೋಸ. ಗಾಳಿ ತುಂಬಿದ ಟ್ಯೂಬು, ಆಟದ ತೆಪ್ಪ ಮಗು ಸಮೇತ ಒಳಗೆ ಹೋಗಿಬಿಡುತ್ತವೆ. ಅವು ಈಜುಕೊಳದ ಆಟಿಕೆ, ಜಲಾಶಯಕ್ಕೆ ತರಲೇಬೇಡಿ.

ಇನ್ನು ಪಾಚಿ. ನೀರು ಬಟಾಣಿ ಸಾರಿನ ಹಾಗೆ ಹಸಿರಾಗಿದ್ದರೆ ಅಥವಾ ಮೇಲೆ ಹಸಿರು, ನೀಲಿ ಬಣ್ಣ ಚೆಲ್ಲಿದಂತಿದ್ದರೆ ಅದು ಸಯನೋಬ್ಯಾಕ್ಟೀರಿಯಾ, ಅಂದರೆ ವಿಷ ಬಿಡಬಲ್ಲ ನೀಲಿ-ಹಸಿರು ಪಾಚಿ ಆಗಿರಬಹುದು. ಗಾಳಿ ಅದನ್ನು ಒಂದು ದಡಕ್ಕೆ ತಳ್ಳಿ ಒಟ್ಟು ಮಾಡುತ್ತದೆ, ಹಾಗಾಗಿ ಆಚೆ ದಡ ತಿಳಿಯಾಗಿದ್ದು ಈಚೆ ದಡ ಕೆಟ್ಟಿರಬಹುದು. ಕೋಲಿನಿಂದ ಎತ್ತಿ ನೋಡಿ: ಕೂದಲಿನಂಥ ಎಳೆಗಳಾಗಿ ಮೇಲೆ ಬಂದರೆ ಸಾಮಾನ್ಯ ಪಾಚಿ ಇರಬಹುದು, ಬಣ್ಣ ಬಳಿದ ಹಾಗೆ ಕೋಲಿಗೆ ಮೆತ್ತಿಕೊಂಡರೆ ಅನುಮಾನ ಪಡಬೇಕು. ಈ ಪರೀಕ್ಷೆ ಪಕ್ಕಾ ಅಲ್ಲ, ಅನುಮಾನ ಬಂದರೆ ನೀರು ಮುಟ್ಟದಿರುವುದೇ ಸರಿ. ನಾಯಿ ಕರೆದುಕೊಂಡು ಹೋಗಿದ್ದರೆ ಇನ್ನೂ ಹೆಚ್ಚು ಎಚ್ಚರ. ಅದು ನೀರು ಕುಡಿಯುತ್ತದೆ, ಮೈ ನೆಕ್ಕಿಕೊಳ್ಳುತ್ತದೆ, ವಿಷ ಬೇಗ ಏರುತ್ತದೆ.

ಮಕ್ಕಳು ನೀರಿನ ಬಳಿ ಇರುವಷ್ಟು ಹೊತ್ತೂ ಒಬ್ಬ ದೊಡ್ಡವರು ಬೇರೆ ಕೆಲಸವಿಲ್ಲದೆ, ಫೋನ್ ಹಿಡಿಯದೆ, ಕೈಗೆಟಕುವ ದೂರದಲ್ಲಿರಬೇಕು. 20 ನಿಮಿಷಕ್ಕೊಮ್ಮೆ ಸರದಿ ಬದಲಿಸಿ, ‘ಈಗ ನಾನು ನೋಡಿಕೊಳ್ಳುತ್ತೇನೆ’ ಎಂದು ಬಾಯಿಬಿಟ್ಟು ಹೇಳಿಯೇ ವಹಿಸಿಕೊಳ್ಳಿ. ಹತ್ತು ಜನ ದೊಡ್ಡವರಿದ್ದಾಗ ಎಲ್ಲರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಮದ್ಯ ಸೇವಿಸಿದವರು ನೀರಿಗೂ ಇಳಿಯಬಾರದು, ಕಾವಲಿಗೂ ನಿಲ್ಲಬಾರದು.

ದೋಣಿ

ಹತ್ತುವ ಮೊದಲು ಎಷ್ಟು ಜನರಿಗೆ ಎಂದು ದೋಣಿಯ ಮೇಲೆ ಬರೆದಿದೆಯೇ ನೋಡಿ, ತಲೆ ಎಣಿಸಿ. ಜಾಕೆಟ್ ಹಾಕಿಕೊಂಡೇ ಹತ್ತಬೇಕು. ಫೋಟೋಗೆಂದು ಎಲ್ಲರೂ ಒಂದೇ ಪಕ್ಕಕ್ಕೆ ವಾಲುವುದರಿಂದ ದೋಣಿ ಮಗುಚುತ್ತದೆ. ಮಗುಚಿದರೆ ಈಜಿ ದಡ ಸೇರಲು ಹೋಗದೆ ದೋಣಿಯನ್ನೇ ಹಿಡಿದುಕೊಂಡಿರಿ. ಅದು ಬಹುಮಟ್ಟಿಗೆ ತೇಲುತ್ತದೆ, ಹುಡುಕುವವರ ಕಣ್ಣಿಗೂ ಬೇಗ ಬೀಳುತ್ತದೆ.

ಸ್ವಂತ ಕಯಾಕ್ ತಂದವರು ಬೆಳಿಗ್ಗೆಯೇ ಮುಗಿಸಿ. ಹೋಗುವಾಗ ಗಾಳಿಗೆ ಎದುರಾಗಿ ಹುಟ್ಟು ಹಾಕಿ, ಬರುವಾಗ ಗಾಳಿ ಬೆನ್ನಿಗಿರಲಿ. ಅಲೆಗಳ ತುದಿ ಅಲ್ಲಲ್ಲಿ ಬೆಳ್ಳಗೆ ಒಡೆಯತೊಡಗಿದರೆ ಹತ್ತಿರದ ದಡ ಹಿಡಿಯಿರಿ. ತೇಲುವ ಸಣ್ಣ ಡಬ್ಬಿ, ಬಾಟಲಿಗಳ ಸಾಲು ಕಂಡರೆ ಅದು ಮೀನಿನ ಬಲೆ. ದೂರದಿಂದ ಸುತ್ತಿ ಹೋಗಿ, ಅದು ಒಬ್ಬರ ಹೊಟ್ಟೆಪಾಡು. ಅಣೆಕಟ್ಟಿನ ಮುಂದೆ ಅಡ್ಡಕ್ಕೆ ಕಟ್ಟಿದ ದೊಡ್ಡ ತೇಲುಗಳ ಸಾಲನ್ನು ಯಾವ ಕಾರಣಕ್ಕೂ ದಾಟಬೇಡಿ. ಅದರಾಚೆ ಗೇಟುಗಳಿವೆ, ಯಂತ್ರಕ್ಕೆ ನೀರೆಳೆಯುವ ಬಾಯಿಗಳಿವೆ. ಮೇಲೆ ನೀರು ಅಲುಗದಿದ್ದರೂ ಒಳಗೆ ಸೆಳೆತ ಇರುತ್ತದೆ.

ಅಣೆಕಟ್ಟಿನ ಕೆಳಗಿನ ಹೊಳೆ

ನೋಡಲು ಅತ್ಯಂತ ಚೆಂದದ, ಬಂಡೆಗಳ ನಡುವೆ ಮೊಣಕಾಲುದ್ದದ ನೀರಿರುವ ಈ ಜಾಗವೇ ಎಲ್ಲಕ್ಕಿಂತ ಅಪಾಯದ್ದು. ಮೇಲೆ ಗೇಟು ಎತ್ತಿದರೆ ಅಥವಾ ಯಂತ್ರ ಚಾಲೂ ಆದರೆ ನಿಮಿಷಗಳಲ್ಲಿ ನೀರು ಎದೆಮಟ್ಟಕ್ಕೆ ಬರಬಹುದು. ಸೈರನ್ ಹಾಕುತ್ತಾರೆ ನಿಜ, ಆದರೆ ನೀರಿನ ಸದ್ದಿನಲ್ಲಿ, ಹೊಳೆಯ ತಿರುವಿನಾಚೆ ಅದು ಕೇಳಿಸದೆ ಹೋಗಬಹುದು. ನಡುಹೊಳೆಯ ಬಂಡೆ, ನಡುಗಡ್ಡೆಗಳ ಮೇಲೆ ಕೂರಲೇಬೇಡಿ.

ನೀರು ಬರುವ ಸೂಚನೆಗಳನ್ನು ಎಲ್ಲರಿಗೂ, ಮಕ್ಕಳಿಗೂ ಹೇಳಿಕೊಡಿ. ತಿಳಿನೀರು ಕದಡುವುದು, ಎಲೆ ಕಡ್ಡಿ ನೊರೆ ಒಮ್ಮೆಲೇ ತೇಲಿಬರುವುದು, ಹರಿವಿನ ಸದ್ದು ದಪ್ಪವಾಗುವುದು, ಈಗಷ್ಟೇ ಒಣಗಿದ್ದ ಕಲ್ಲಿನ ಬುಡ ಒದ್ದೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಸಾಮಾನು ಬಿಟ್ಟು, ನೀವು ಯಾವ ದಡದ ಕಡೆ ಇದ್ದೀರೋ ಅದೇ ದಡದ ಮೇಲಕ್ಕೆ ಹತ್ತಿ. ಕಾರು ಆಚೆ ದಡದಲ್ಲಿದೆ ಎಂದು ಹೊಳೆ ದಾಟಲು ಹೋಗುವುದು ಜೀವ ತೆಗೆಯುತ್ತದೆ. ಹೊಳೆಯುದ್ದಕ್ಕೂ ಕೆಳಗೆ ಓಡಿಯೂ ಪ್ರಯೋಜನವಿಲ್ಲ, ನೀರು ನಿಮಗಿಂತ ಮುಂದಿರುತ್ತದೆ.

ಕೋಡಿಯ ಬುಡದಲ್ಲಿ, ಸಣ್ಣ ಒಡ್ಡುಗಳ ಕೆಳಗೆ ನೀರು ಧುಮುಕಿ ಹಿಂದಕ್ಕೆ ಹೊರಳುವ ಕಡೆ ಇನ್ನೊಂದು ಅಪಾಯವಿದೆ. ಅಲ್ಲಿ ಸಿಕ್ಕ ವಸ್ತು ಮುಂದೆ ತೇಲಿ ಹೋಗದೆ ಮತ್ತೆ ಮತ್ತೆ ಒಳಕ್ಕೆ ಎಳೆಯಲ್ಪಡುತ್ತದೆ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ತೇಲುವ ಶಕ್ತಿಯೂ ಕಡಿಮೆ. ಒಡ್ಡು ಎರಡೇ ಅಡಿ ಎತ್ತರದ್ದಾದರೂ ಹತ್ತಿರ ಹೋಗಬಾರದು. ಕಾಂಕ್ರೀಟಿನ ಇಳಿಜಾರಿನ ಮೇಲೆ ಪಾಚಿ ಕಟ್ಟಿರುತ್ತದೆ, ಜಾರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ತಳದ ತೂಬಿನಿಂದ ಬಿಡುವ ನೀರು ಜಲಾಶಯದ ಆಳದ ಪದರದ್ದು, ಸುಡುಬಿಸಿಲಿನ ದಿನವೂ ಕೊರೆಯುವಷ್ಟು ತಣ್ಣಗಿರಬಲ್ಲದು.

ಗುಡುಗು ಕೇಳಿದರೆ

ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿದರೆ ಕಿಲೋಮೀಟರ್ ದೂರ ಸಿಗುತ್ತದೆ. 30 ಸೆಕೆಂಡು ಅಥವಾ ಕಡಿಮೆ ಎಂದರೆ ಸಿಡಿಲು 10 ಕಿಲೋಮೀಟರ್ ಒಳಗೆ ಬಂದಿದೆ. ನೀರಿನಿಂದ, ದೋಣಿಯಿಂದ, ಬಯಲಿನಿಂದ ಹೊರಬಂದು ಕಟ್ಟಡ ಅಥವಾ ಕಿಟಕಿ ಮುಚ್ಚಿದ ಕಾರಿನೊಳಗೆ ಸೇರಿ. ಒಂಟಿ ಮರದ ಕೆಳಗೆ, ಟೆಂಟಿನೊಳಗೆ ರಕ್ಷಣೆ ಇಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ.

ಯಾರಾದರೂ ಮುಳುಗುತ್ತಿದ್ದರೆ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂದು ಕಾಯಬೇಡಿ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಉಸಿರಿಗೇ ಸಾಲದ ಗಾಳಿಯಲ್ಲಿ ಕೂಗು ಹೊರಡುವುದಿಲ್ಲ. ಒಂದೇ ಕುಟುಂಬದ ಮೂವರು, ನಾಲ್ವರು ಹೋದರೆಂಬ ಸುದ್ದಿಯ ಹಿಂದೆ ಒಬ್ಬರನ್ನು ಉಳಿಸಲು ಇನ್ನೊಬ್ಬರು ಇಳಿದದ್ದೇ ಇರುತ್ತದೆ. ತರಬೇತಿ ಇಲ್ಲದವರು ನೀರಿಗೆ ಹಾರಬಾರದು. ದಡದಲ್ಲಿ ಮಲಗಿ ಕೋಲು, ಟವೆಲ್, ಸೀರೆ ಯಾವುದಾದರೂ ಚಾಚಿ. ಎಟುಕದಿದ್ದರೆ ಹಗ್ಗಕ್ಕೆ ಕಟ್ಟಿದ ಕ್ಯಾನನ್ನು ಅವರ ತಲೆಯ ಆಚೆಗೆ ಬೀಳುವಂತೆ ಎಸೆದು ಮೈಗೆ ತಾಗುವಂತೆ ಎಳೆದುಕೊಳ್ಳಿ. ಇನ್ನೊಬ್ಬರು ತುರ್ತು ಸಂಖ್ಯೆಗೆ ಕರೆ ಮಾಡಲಿ, ಮತ್ತೊಬ್ಬರು ಮುಳುಗಿದ ಜಾಗದಿಂದ ಕಣ್ಣು ತೆಗೆಯದೆ ಬೆರಳು ತೋರಿಸುತ್ತಿರಲಿ.

ಹೊರತೆಗೆದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಅದರಿಂದ ಸಮಯ ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ನುಗ್ಗುತ್ತದೆ. ಮುಳುಗಿದವರಿಗೆ ಮೊದಲು ಬೇಕಾದ್ದು ಗಾಳಿ. ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಂತರ ಎದೆಯ ನಡುವೆ 30 ಸಲ ಒತ್ತಿ 2 ಉಸಿರು, ಹೀಗೆ ಮುಂದುವರಿಸಿ. ವಯಸ್ಕರಿಗೆ ಒತ್ತುವ ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ಎಚ್ಚರವಾದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಶ್ವಾಸಕೋಶದ ತೊಂದರೆ ಕೆಲವು ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳಬಹುದು. ಇದನ್ನು ಓದಿ ಕಲಿಯುವುದಕ್ಕಿಂತ ಹೊರಡುವ ಮೊದಲು ಗುಂಪಿನಲ್ಲಿ ಒಬ್ಬರಾದರೂ ತರಬೇತಿ ಪಡೆದಿರುವುದು ಎಷ್ಟೋ ಮೇಲು.

ಶೌಚ, ಕಸ, ಹೊರಡುವ ಹೊತ್ತು

ಶೌಚಾಲಯ ಇಲ್ಲದ ಕಡೆ ನೀರಿನಿಂದ ಕನಿಷ್ಠ 60 ಮೀಟರ್ ದೂರ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚಬೇಕು. ಆ 60 ಮೀಟರನ್ನು ಇವತ್ತಿನ ನೀರಿನ ಅಂಚಿನಿಂದಲ್ಲ, ಗರಿಷ್ಠ ಮಟ್ಟದ ಗೆರೆಯಿಂದ ಅಳೆಯಿರಿ. ಇಲ್ಲದಿದ್ದರೆ ನೀರು ಏರಿದಾಗ ಗುಂಡಿಯಲ್ಲಿದ್ದದ್ದು ಕೆಳಗಿನ ಊರುಗಳ ನೀರಿಗೆ ಸೇರುತ್ತದೆ. ಸೋಪು ಹಾಕಿ ಪಾತ್ರೆ, ಬಟ್ಟೆ ತೊಳೆಯುವುದಕ್ಕೂ ಇದೇ ದೂರ. ನೀರು ಇಳಿದಾಗ ಬಿಟ್ಟುಹೋದ ಕಸವೂ ಹೀಗೆಯೇ ಮುಂದಿನ ಏರಿಕೆಯಲ್ಲಿ ತೇಲಿ ತೂಬಿನ ಜಾಲರಿಗೆ ಹೋಗಿ ಕೂರುತ್ತದೆ, ಆದ್ದರಿಂದ ತಂದದ್ದೆಲ್ಲ ವಾಪಸು ಚೀಲಕ್ಕೆ. ತುಂಡಾದ ಗಾಳದ ದಾರ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುವುದರಿಂದ ಅದನ್ನು ವಿಶೇಷವಾಗಿ ಹುಡುಕಿ ತೆಗೆಯಿರಿ.

ಕತ್ತಲಾಗಲು ಒಂದು ಗಂಟೆ ಇರುವಾಗ ಎಲ್ಲರೂ ನೀರಿನಿಂದ ಮೇಲೆ ಬಂದಿರಲಿ, ತಲೆ ಎಣಿಸಿ. ಕಯಾಕ್, ಹಗ್ಗ, ಬಲೆ, ಚಪ್ಪಲಿಗಳಿಗೆ ಅಂಟಿದ ಕೆಸರು, ಕಳೆಯ ಚೂರು ತೆಗೆದು, ಒಳಗೆ ನಿಂತ ನೀರನ್ನು ಅಲ್ಲೇ ಸುರಿದು, ಇನ್ನೊಂದು ಜಲಾಶಯಕ್ಕೆ ಒಯ್ಯುವ ಮೊದಲು ಪೂರ್ತಿ ಒಣಗಿಸಿ. ಅಂತರಗಂಗೆಯಂಥ ಕಳೆ ಹೊಸ ನೀರಿನಲ್ಲಿ ಬೇರೂರಲು ಒಂದು ತುಂಡು ಸಾಕು. ವಾಪಸಾಗುವಾಗ ಸಿಗ್ನಲ್ ಸಿಕ್ಕ ಮೊದಲ ಜಾಗದಲ್ಲಿ ನಿಂತು, ಮನೆಯಲ್ಲಿ ಕಾಯುತ್ತಿರುವವರಿಗೆ ಹೊರಟಿದ್ದೇವೆ ಎಂದು ಫೋನ್ ಮಾಡಿ.